ಲಿನ್ ಕೂತಿದ್ದ ಜಾಗ

ಹೊಸ ಚಾಪೆ ಹಾಸಬೇಕೋ ಹಳೆಯದೇ ಸಾಕೋ ಎಂಬುದು ಬರನಿಕೊಗೆ ಬೆಳಗಿನಿಂದ ಬಗೆಹರಿಯಲಿಲ್ಲ. ಕಡೆಗೆ ಎರಡನ್ನೂ ಸುರುಳಿ ಸುತ್ತಿ ಹೆಗಲಿಗೇರಿಸಿಕೊಂಡು ಸಭಾಮನೆಗೆ ಬಂದುಬಿಟ್ಟಿದ್ದ. ಅಲ್ಲಿ ಆಗಲೇ ಹೆಂಗಸರು ನೆಲದ ಬಿಳಿ ಹವಳದ ಚೂರುಗಳನ್ನು ಕೈಯಿಂದ ಸಮ ಮಾಡುತ್ತಿದ್ದರು, ಹೊರಗೆ ಹಂದಿ ಸುಡುವ ಗುಂಡಿಯಿಂದ ಹೊಗೆ ಏಳುತ್ತಿತ್ತು, ಯಾರೋ ತೆಂಗಿನ ಮರದ ತುದಿಯಲ್ಲಿ ಕೂತು ನೀರಾ ಇಳಿಸುತ್ತ ಹಾಡುತ್ತಿದ್ದರು. ಎಲ್ಲ ದಿನದಂತೆಯೇ ಒಂದು ದಿನ. ಅವನ ಕುಲದ ಜಾಗ ಪಡುವಣ ಬದಿಯ ಎರಡನೆಯ ಕಂಬದ ಬುಡ. ಅಪ್ಪ, ಅಜ್ಜ, ಅಜ್ಜನ ಅಪ್ಪ ಎಲ್ಲ ಅಲ್ಲೇ ಬೆನ್ನು ಕೊಟ್ಟು ಕೂತವರು. ಹವಳದ ಕಲ್ಲಿನ ಆ ಕಂಬ ಕೂತವರ ಬೆನ್ನಿನ ಎತ್ತರಕ್ಕೆ ನುಣುಪಾಗಿತ್ತು. ಒಂದು ಕುಲದ ಜಾಗದಲ್ಲಿ ಇನ್ನೊಂದು ಕುಲದವರು ಕೂರುವ ಹಾಗಿಲ್ಲ. ಪರಸ್ಥಳದವರು ಬಂದರೆ ಯಾರಾದರೂ ಒಬ್ಬರು ತಮ್ಮ ಜಾಗಕ್ಕೆ ಕರೆದು ಕೂರಿಸಿಕೊಳ್ಳಬೇಕು. ಹಾಗೆ ಒಮ್ಮೆ ಕೂತವನು ಆ ಕುಲದವನೇ ಆಗಿಬಿಡುತ್ತಾನೆ. ಅವನು ಸತ್ತರೆ ಇವರು ಅಳಬೇಕು, ಇವರ ಮನೆಯ ಮದುವೆಗೆ ಅವನು ಬರಬೇಕು. ಮೊದಲಿನ ಗೆಳೆಯರ ದೂತ ಲಿನ್‌ನನ್ನು ಬರನಿಕೊ ಕರೆದು ಕೂರಿಸಿದ್ದು ಇದೇ ಜಾಗದಲ್ಲಿ, ಈ ಹಳೆಯ ಚಾಪೆಯ ಮೇಲೆ. ಇವತ್ತು ಹೊಸ ಗೆಳೆಯರ ದೂತೆ ದೋಣಿ ಒಪ್ಪಿಸಲು ಬರುವವಳಿದ್ದಳು. ಊರಿನಿಂದ ಪಾರ್ಲಿಮೆಂಟಿಗೆ ಹೋದವನು ಬರನಿಕೊ ಆದ್ದರಿಂದ ಅವಳನ್ನು ಕೂರಿಸಿಕೊಳ್ಳಬೇಕಾದವನೂ ಅವನೇ ಎಂದು ಹಿರಿಯರು ಹೇಳಿದ್ದರು. ಹೇಳುವಾಗ ಯಾರೂ ಅವನ ಮುಖ ನೋಡಲಿಲ್ಲ.

ಮೊದಲಿನ ಗೆಳೆಯರು, ಹೊಸ ಗೆಳೆಯರು. ದ್ವೀಪದಲ್ಲಿ ಎಲ್ಲರೂ ಹೀಗೇ ಹೇಳುವುದು. ದೇಶಗಳ ಹೆಸರು ಹೇಳುವವರು ಕಡಿಮೆ. ಇಬ್ಬರೂ ದೂರದವರು, ನೋಡಲಿಕ್ಕೆ ಅಣ್ಣತಮ್ಮಂದಿರ ಹಾಗಿರುವವರು, ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಒಬ್ಬರು ಬಂದ ಮನೆಗೆ ಇನ್ನೊಬ್ಬರು ಬರುವುದಿಲ್ಲ. ಜಗತ್ತಿನ ದೊಡ್ಡ ಸಭೆಯಲ್ಲಿ ಎಷ್ಟು ದೊಡ್ಡ ದೇಶಕ್ಕೂ ಎತ್ತಲು ಒಂದೇ ಕೈ, ನಡುವೆ ನಿಂತು ನೋಡಿದರೆ ಎರಡೂ ಬದಿಯ ಸಮುದ್ರ ಕಾಣುವ ಈ ದ್ವೀಪಕ್ಕೂ ಒಂದೇ ಕೈ. ಆ ಒಂದು ಕೈಗಾಗಿ ಅವರು ಬರುತ್ತಾರೆ ಎಂದು ಬರನಿಕೊಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಒಬ್ಬ ಮನುಷ್ಯ ಬೆವರುತ್ತ, ಮೊಣಕಾಲು ಮಡಚಲಾಗದೆ ನರಳುತ್ತ ನಿನ್ನ ಚಾಪೆಯ ಮೇಲೆ ಕೂತು, ಬಾಬೈ ಗಡ್ಡೆಯ ಸಿಹಿಯನ್ನು ಎರಡನೆಯ ಸಲ ಹಾಕಿಸಿಕೊಂಡು ತಿನ್ನುವುದು ಬೇರೆ. ಹೆಂಗಸರು ಪದ್ಧತಿಯಂತೆ ಲಿನ್‌ನ ಕತ್ತಿಗೆ ಪೌಡರ್ ಸುರಿದಾಗ ಅವನು ಸೀನಿದ. ಇಡೀ ಸಭಾಮನೆ ನಕ್ಕಿತು, ಅವನೂ ನಕ್ಕ. ಆವತ್ತಿನಿಂದ ಅವನು ನಮ್ಮ ಲಿನ್.

ನಮ್ಮ ಲಿನ್ ಕಣ್ಣಿನ ಡಾಕ್ಟರುಗಳನ್ನು ಕರೆಸಿದ. ಪಡುವಣ ಗಾಳಿ ನಿಂತ ಮೇಲೆ ವರ್ಷಕ್ಕೊಮ್ಮೆ ಸಣ್ಣ ವಿಮಾನದಲ್ಲಿ ಪೆಟ್ಟಿಗೆಗಳ ಸಮೇತ ಬಂದಿಳಿಯುತ್ತಿದ್ದರು. ಅಕ್ಕ ಅಕೊಯಳಿಗೆ ಒಂದು ಕಣ್ಣು ಚಿಕ್ಕಂದಿನಲ್ಲೇ ಹೋಗಿತ್ತು, ಇನ್ನೊಂದಕ್ಕೆ ಪೊರೆ ಬಂದಿತ್ತು. ಆ ಪೊರೆ ತೆಗೆದು, ಪಟ್ಟಿ ಬಿಚ್ಚಿದ ದಿನ ಬರನಿಕೊ ಎದುರಿಗೇ ನಿಂತಿದ್ದ. ಅವಳು ಅವನನ್ನು ಬಹಳ ಹೊತ್ತು ನೋಡಿ, “ಅಯ್ಯೋ, ನೀನು ಯಾವಾಗ ಇಷ್ಟು ಮುದುಕ ಆದೆ?” ಎಂದಿದ್ದಳು. ಡಾಕ್ಟರಮ್ಮನಿಗೆ ಯಾರೋ ಅದನ್ನು ಅವಳ ಭಾಷೆಯಲ್ಲಿ ಹೇಳಿದರು, ಆಕೆಯೂ ನಕ್ಕಳು. ಎರಡು ವರ್ಷ ಅಕ್ಕ ಎಲ್ಲ ನೋಡಿದಳು. ಸೂಜಿಗೆ ದಾರ ಪೋಣಿಸಿದಳು, ಹವಳದ ದಿಬ್ಬದೊಳಗಿನ ಒಳನೀರಿನ ಮರಳಿನಲ್ಲಿ ಕಪ್ಪೆಚಿಪ್ಪು ಹುಡುಕಿದಳು, ಮಗ ಇಯೊಬಿಯ ಗಡ್ಡದಲ್ಲಿ ಬಿಳಿ ಕೂದಲೊಂದನ್ನು ಕಂಡು ತಾನೇ ಕಿತ್ತಳು. ಆಮೇಲೆ ಮೆಲ್ಲಗೆ ಮಂಜು ಬಂತು. ಹಾಗೆ ಆಗುವುದುಂಟು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದಳಂತೆ. ಹಿಂದಿನಿಂದ ಇನ್ನೊಂದು ತೆಳು ಪೊರೆ ಕಟ್ಟುತ್ತದೆ, ಹೆದರಬೇಡಿ, ಕತ್ತಿ ಬೇಕಾಗಿಲ್ಲ, ಬೆಳಕಿನ ಯಂತ್ರವೊಂದಿದೆ, ಒಂದು ಬೀಡಿ ಸೇದುವಷ್ಟು ಹೊತ್ತಿನ ಕೆಲಸ. ಮುಂದಿನ ಸಲ ಬಂದಾಗ ಮಾಡಿಬಿಡೋಣ ಎಂದು ಹೋಗಿದ್ದಳು.

ಆ ಮುಂದಿನ ಸಲ ಬರಲಿಲ್ಲ. ಬರದಂತೆ ಮಾಡಿದ್ದು ತನ್ನ ಬಲಗೈ. ಬರನಿಕೊ ಕೈಯನ್ನು ನೋಡಿಕೊಂಡ. ಚಾಪೆ ಹೊತ್ತದ್ದಕ್ಕೆ ಅದರ ಮೇಲೆ ಕೇದಗೆಯ ಎಳೆಗಳ ಗುರುತು ಬಿದ್ದಿತ್ತು.

ಹೆಂಡತಿ ತೆರೆಸಿಯಾಳ ತಮ್ಮ ರುತೇರು ಆಗಿನ್ನೂ ಮಂತ್ರಿಯಾಗಿರಲಿಲ್ಲ, ಆಗುವವನಿದ್ದ. ಒಂದು ಸಂಜೆ ಹೊಗೆಸೊಪ್ಪಿನ ಕಟ್ಟು ಹಿಡಿದುಕೊಂಡು ಬಂದ. ಟೀ ಕುಡಿದ, ಮೀನಿನ ವಿಷಯ ಮಾತಾಡಿದ, ಹಂದಿಗಳ ಗೂಡು ನೋಡಿಕೊಂಡು ಬಂದ. ಆಮೇಲೆ ಚಾಪೆಯ ಮೇಲೆ ನೆಟ್ಟಗೆ ಕೂತು, “ಭಾವ, ನಿಮ್ಮ ಹತ್ತಿರ ಒಂದು ಬುಬುಸಿ ಇಟ್ಕೊಂಡು ಬಂದಿದ್ದೀನಿ,” ಎಂದ. ಆ ಮಾತು ಬಿದ್ದ ಮೇಲೆ ಮುಂದಿನದೆಲ್ಲ ಆಗಿಹೋದ ಹಾಗೆಯೇ. ನೆಂಟನೊಬ್ಬ ಬುಬುಸಿ ಎಂದು ಬಾಯಿಬಿಟ್ಟು ಕೇಳಿದರೆ ಇಲ್ಲ ಎನ್ನುವವನಿಲ್ಲ. ಸೈಕಲ್ ಕೇಳಲಿ, ಹಂದಿ ಕೇಳಲಿ, ಸಾಕಿಕೊಳ್ಳಲು ಮಗುವನ್ನೇ ಕೇಳಲಿ, ಕೊಡುವುದೇ. ಇಲ್ಲ ಎಂದವನ ಮನೆಯ ಹೆಸರನ್ನು ಜನ ಬಾಯಿಯ ಬದಿಯಿಂದ ಹೇಳುತ್ತಾರೆ. ಬರನಿಕೊ ಹುಡುಗನಾಗಿದ್ದಾಗ ದೂರದ ನೆಂಟನೊಬ್ಬ ಬಂದು ಅಪ್ಪನ ಹತ್ತಿರ ಇದ್ದ ಒಂದೇ ದೋಣಿ ಕೇಳಿದ. ಅಪ್ಪ ಎದ್ದುಹೋಗಿ ಹಗ್ಗ ಬಿಚ್ಚಿಕೊಟ್ಟ, ಹುಟ್ಟನ್ನೂ ಕೊಟ್ಟ, ಮತ್ತೆ ಎಷ್ಟೋ ತಿಂಗಳು ಹವಳದ ದಿಬ್ಬದ ಮೇಲೆ ಮೊಣಕಾಲುದ್ದ ನೀರಿನಲ್ಲಿ ನಿಂತು ಮೀನು ಹಿಡಿದ. ಅಪ್ಪನ ಮುಖದಲ್ಲಿ ಆಗ ಇದ್ದದ್ದು ದುಃಖವೋ ಹೆಮ್ಮೆಯೋ ಎಂದು ಬರನಿಕೊಗೆ ಇವತ್ತಿಗೂ ಹೇಳಲಾಗದು. ರುತೇರು ಕೇಳಿದ್ದು ದೋಣಿಯನ್ನಲ್ಲ, ಕೈಯನ್ನು. ಪಾರ್ಲಿಮೆಂಟಿನಲ್ಲಿ ಅರ್ಧ ಜನ ಮೊದಲಿನ ಗೆಳೆಯರ ಕಡೆ, ಅರ್ಧ ಜನ ಹೊಸಬರ ಕಡೆ ಇದ್ದರು. ನಿಮ್ಮ ಕೈ ಇತ್ತ ಬಂದರೆ ನಿಮ್ಮ ಊರಿಗೇ ಮೊದಲ ದೋಣಿ ಎಂದ ರುತೇರು. ದೊಡ್ಡದು, ರೇಡಿಯೋ ಇರುವುದು, ಎರಡು ಯಂತ್ರದ್ದು. ಆಗ ಇಯೊಬಿ ಹೋಗಿ ಬಹಳ ದಿನವಾಗಿರಲಿಲ್ಲ.

ಇಯೊಬಿ ಮತ್ತು ಇನ್ನಿಬ್ಬರು ಪಕ್ಕದ ದ್ವೀಪಕ್ಕೆಂದು ಹಲಗೆಯ ದೋಣಿಯಲ್ಲಿ ಹೋದವರು, ಯಂತ್ರ ಕೆಟ್ಟಿತೋ ಎಣ್ಣೆ ಮುಗಿಯಿತೋ, ಪ್ರವಾಹ ಎಳೆದುಕೊಂಡು ಹೋಯಿತು. ಹುಡುಕಲು ಹೋದ ವಿಮಾನದವರು ಬರೀ ನೊರೆ ಕಂಡಿತು ಎಂದರು. ಅಕ್ಕ ಹುಡುಕಿದಷ್ಟು ದಿನವೂ ದಡದಲ್ಲಿ ಕೂತು, ಮಂಜು ಕವಿಯುತ್ತಿದ್ದ ಆ ಒಂದು ಕಣ್ಣಿನಲ್ಲಿ ಸಮುದ್ರ ನೋಡಿದ್ದಳು. ಅಕ್ಕನಿಗಾಗಿಯೇ ತಾನು ಕೈ ಎತ್ತಿದ್ದು, ಇನ್ನೊಬ್ಬ ತಾಯಿ ಹಾಗೆ ಕೂರಬಾರದೆಂದು, ಎಂದು ಬರನಿಕೊ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದ. ಹೇಳಿಕೊಂಡಾಗಲೆಲ್ಲ ಒಳಗೆ ಇನ್ನೊಂದು ಇಣುಕುತ್ತಿತ್ತು. ರುತೇರು ಅವತ್ತು ಎಲ್ಲರ ಎದುರು ‘ಭಾವ’ ಎಂದು ಹೆಗಲ ಮೇಲೆ ಕೈ ಹಾಕಿದ್ದು, ರಾಜಧಾನಿಯ ತಂಪು ಕೋಣೆಯಲ್ಲಿ ಎಂದೂ ತನ್ನ ಜತೆ ಮಾತಾಡದ ದೊಡ್ಡವರು ಎದ್ದುಬಂದು ಕೈ ಕುಲುಕಿದ್ದು, ಅದರಿಂದ ಎದೆ ಒಂದಿಷ್ಟು ಉಬ್ಬಿದ್ದು. ಅಕ್ಕನ ಮಗನ ಸಾವನ್ನು ತಾನು ಆ ಉಬ್ಬಿದ ಎದೆಯ ಮೇಲೆ ಹೊದಿಸಿದೆನೇ? ಯಾವುದು ಮೊದಲು ಬಂತು, ದುಃಖವೋ ಹಿಗ್ಗೋ?

ರುತೇರು ಕೇಳಿಹೋದ ಮರುದಿನ ಲಿನ್ ಬಂದ. ಕಾರು ನಿಲ್ಲಿಸಿ ಮನೆಯ ತನಕ ನಡೆದುಬಂದ, ಚಾಪೆಯ ಮೇಲೆ ಆ ನೋಯುವ ಮೊಣಕಾಲು ಮಡಚಿ ಕೂತ. ನಾನು ನಿಮ್ಮ ಕುಲದವನು, ನನ್ನ ಕುಲದವರ ಹತ್ತಿರ ಬುಬುಸಿ ಕೇಳಲು ಬಂದಿದ್ದೇನೆ ಎಂದು ಇವರ ಭಾಷೆಯಲ್ಲೇ ಬಾಯಿಪಾಠ ಮಾಡಿಕೊಂಡು ಬಂದವನಂತೆ ಹೇಳಿದ. ಬರನಿಕೊ ಒಂದು ಎಳನೀರು ಕೆತ್ತಿ ಅವನ ಕೈಗೆ ಕೊಟ್ಟ. ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಇಲ್ಲ ಎನ್ನದಿದ್ದರೆ ಆಗಲಿ ಎಂದೇ ಲೆಕ್ಕ, ಇಬ್ಬರಿಗೂ ಗೊತ್ತಿತ್ತು. ಬರನಿಕೊ ಆಗ ಯೋಚಿಸಿದ್ದು ಇಷ್ಟೇ: ಕೈ ರುತೇರುವಿಗೆ, ನೆಂಟತನ ಲಿನ್‌ಗೆ. ಕೇಳಿದ್ದು ಸಿಗದ ನೆಂಟ ಸಿಟ್ಟಾಗುತ್ತಾನೆ, ಒಂದು ಸುಗ್ಗಿ ಮುಖ ತಿರುಗಿಸಿಕೊಂಡು ಕೂರುತ್ತಾನೆ, ಆಮೇಲೆ ಯಾವುದೋ ಮದುವೆಗೋ ಸಾವಿಗೋ ಬಂದು ತನ್ನ ಜಾಗದಲ್ಲಿ ಕೂತುಬಿಡುತ್ತಾನೆ. ಕೊಟ್ಟದ್ದನ್ನು ವಾಪಸು ತೆಗೆದುಕೊಂಡು ಹೋದ ನೆಂಟನನ್ನು ಈ ದ್ವೀಪದಲ್ಲಿ ಯಾರೂ ಕಂಡಿಲ್ಲ. ಡಾಕ್ಟರು ತಡವಾಗಿ ಬಂದಾರು, ಮುಖ ಗಂಟಿಕ್ಕಿಕೊಂಡು ಬಂದಾರು, ಆದರೆ ಬಂದಾರು. ಅವನು ಕೈ ಎತ್ತಿದ್ದು ಈ ನಂಬಿಕೆಯ ಮೇಲೆ. ಊರಿನವರಿಗೂ ಇದೇ ನಂಬಿಕೆ ಇತ್ತು. ಲಿನ್ ಮುನಿಸಿಕೊಂಡಿದ್ದಾನೆ, ಈಸ್ಟರಿಗೆ ಬರ್ತಾನೆ ಬಿಡು ಎನ್ನುತ್ತಿದ್ದರು.

ಮೊದಲಿನ ಗೆಳೆಯರ ಬಾವುಟ ಇಳಿದ ವಾರವೇ ವಿಮಾನ ಇಳಿಯುವ ಬಯಲಿನಲ್ಲಿ ಕಣ್ಣಿನ ಯಂತ್ರದ ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು. ಬರನಿಕೊ ಸುಟ್ಟ ಜೀಗುಜ್ಜೆ, ಒಣಮೀನು, ಕೇದಗೆಯ ಸಣ್ಣ ಚಾಪೆ ಎಲ್ಲ ಹೊತ್ತುಕೊಂಡು ಬೀಳ್ಕೊಡಲು ಹೋಗಿದ್ದ. ಲಿನ್ ಹಾರ ಹಾಕಿಸಿಕೊಂಡ. ಇನ್ನು ಯಾವಾಗ ಬರೋದು ಎಂದು ಬರನಿಕೊ ಕೇಳಿದ. ಪಕ್ಕದಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದ ಅವರ ಗುಮಾಸ್ತ ಫಕ್ಕನೆ ನಕ್ಕುಬಿಟ್ಟ. ಲಿನ್ ನಗಲಿಲ್ಲ. “ಹಾಗೆ ಬರೋದು ನನ್ನ ಕೈಲಿಲ್ಲ ಬರನಿಕೊ,” ಎಂದ. “ನಾನು ನಿಮ್ಮ ಚಾಪೆ ಮೇಲೆ ಕೂತಿದ್ದೂ ನನ್ನ ಕೆಲಸಾನೇ ಆಗಿತ್ತು. ಆದ್ರೆ ಕೂತಿದ್ದಂತೂ ನಿಜ.” ಬರನಿಕೊಗೆ ಮೊದಲು ಆ ಗುಮಾಸ್ತನ ನಗು ಚುಚ್ಚಿತು. ಲಿನ್‌ನ ಮಾತು ಚುಚ್ಚಿದ್ದು ಬಹಳ ತಿಂಗಳಾದ ಮೇಲೆ, ಒಂದು ಮಧ್ಯಾಹ್ನ ಹಂದಿಗೆ ತೆಂಗಿನಕಾಯಿ ತುರಿದು ಹಾಕುತ್ತಿದ್ದಾಗ.

ಅಕ್ಕ ಸಭಾಮನೆಗೆ ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಅವಳ ಪಾದಗಳಿಗೆ ದಾರಿ ಗೊತ್ತು, ಯಾರೂ ಕೈಹಿಡಿಯಬೇಕಾಗಿಲ್ಲ. ಮಾಡಿನ ತಗ್ಗಿನ ಅಂಚಿಗೆ ಸರಿಯಾಗಿ ಬಗ್ಗಿ ಒಳಬಂದು, ಅವನ ಹಿಂದೆ ಹೆಂಗಸರ ಸಾಲಿನಲ್ಲಿ ಕೂತು, ಮಡಿಲಲ್ಲಿದ್ದ ದೇವಕಣಗಿಲೆ ಹೂಗಳನ್ನು ಹಾರಕ್ಕೆ ಪೋಣಿಸತೊಡಗಿದ್ದಳು. ಬೆರಳುಗಳೇ ಹೂವಿನ ತೊಟ್ಟು ಹುಡುಕುತ್ತಿದ್ದವು, ಮುಖ ಎಲ್ಲೋ ನೆಟ್ಟಿತ್ತು. ಎಷ್ಟು ಕಾಣುತ್ತದೆ ಎಂದು ಕೇಳಿದವರಿಗೆಲ್ಲ, ಬೇಕಾದಷ್ಟು ಕಾಣುತ್ತೆ ಎನ್ನುತ್ತಿದ್ದಳು. ಅವನು ಕೈ ಎತ್ತಿದ ವಿಷಯ ಇಡೀ ದ್ವೀಪ ರೇಡಿಯೋದಲ್ಲಿ ಕೇಳಿತ್ತು. ಅವಳೂ ಕೇಳಿದ್ದಳು. ಇಷ್ಟು ದಿನವಾದರೂ ಆ ಬಗ್ಗೆ ಒಂದು ಮಾತು ಆಡಿರಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

“ಅಕ್ಕ, ಇವತ್ತು ನಾನೇ ಕೇಳ್ತೀನಿ,” ಎಂದ.

“ಯಾರನ್ನ?”

“ಹೊಸಬರನ್ನ. ಕಣ್ಣಿನ ವಿಷಯ. ಎಲ್ಲರ ಎದುರಿಗೇ ಬುಬುಸಿ ಅಂತಾನೇ ಕೇಳ್ತೀನಿ.”

ಅವಳು ಒಂದು ಹೂ ಪೋಣಿಸಿದಳು, ಇನ್ನೊಂದು ಪೋಣಿಸಿದಳು. ಆಮೇಲೆ ಕೈ ಚಾಚಿ ಅವನ ಪಕ್ಕದ ಸುರುಳಿಗಳನ್ನು ತಡವಿದಳು. “ಯಾವ ಚಾಪೆ ತಂದೆ?”

“ಎರಡೂ ತಂದೆ.”

“ನೀನು ಯಾವಾಗ್ಲೂ ಎರಡೂ ತರ್ತೀಯ,” ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಹಳೆಯ ಚಾಪೆ ಹಾಸಿ ಅದರ ಮೇಲೆ ಹೊಸದನ್ನು ಹಾಸಿದ.

ಹೊಸ ಗೆಳೆಯರ ದೂತೆ ಫಾಂಗ್ ಎಂಬ ನಡುವಯಸ್ಸಿನ ಹೆಂಗಸು. ಒರಟು ಮಾತಿನ, ಬೂಟು ಕಾಲಿನ ಯಾರೋ ಬರುತ್ತಾರೆ ಎಂದು ಬರನಿಕೊ ಮನಸ್ಸಿನಲ್ಲೇ ಸಿದ್ಧನಾಗಿದ್ದ; ಹಾಗಾಗಿದ್ದರೆ ಸುಲಭವಿತ್ತು. ಅವಳು ಚಪ್ಪಲಿ ಹೊರಗೆ ಬಿಟ್ಟು, ತಲೆ ತಗ್ಗಿಸಿ ಒಳಬಂದು, ಹಿರಿಯರ ಮುಂದೆ ಹೊಗೆಸೊಪ್ಪಿನ ಕಟ್ಟುಗಳನ್ನು ಎರಡೂ ಕೈಯಿಂದ ಇಟ್ಟಳು. ಲಿನ್ ಅಷ್ಟು ವರ್ಷ ಇದ್ದು ಕಲಿತದ್ದಕ್ಕಿಂತ ಚೆನ್ನಾಗಿ ಭಾಷೆ ಆಡಿದಳು. ಬರನಿಕೊ ಕರೆದ ಜಾಗಕ್ಕೆ ಬಂದು ಚಕ್ಕಳಮಕ್ಕಳ ಹಾಕಿ ಸಲೀಸಾಗಿ ಕೂತಳು. ಅವಳ ಆಚೆ ಬದಿಗೆ ಬಿಳಿ ಅಂಗಿಯ ರುತೇರು ಕೂತ, ಈಗ ಮಂತ್ರಿ. ಅಕ್ಕನ ಹಾರ ಅವಳ ಕೊರಳಿಗೆ ಬಿತ್ತು, ಪೌಡರ್ ಸುರಿದರು. ಎದುರು ಬದಿಯಿಂದ ಮುದುಕ ಬ್ವೆರೆ ಬಾಯಿ ತೆಗೆದ. ಯಾರು ಬಂದರೂ ಗೇಲಿ ಮಾಡುವುದು ಅವನ ಕುಲಕ್ಕೆ ಬಂದ ಹಕ್ಕು.

“ಪರವಾಗಿಲ್ಲ, ಈಯಮ್ಮನ ಮಂಡಿ ಲಿನ್ ಮಂಡಿಗಿಂತ ಚೆನ್ನಾಗಿ ಮಡಚುತ್ತೆ,” ಎಂದ. ಜನ ನಕ್ಕರು. “ಹುಷಾರಾಗಿ ಕೂತ್ಕೊಳ್ಳಮ್ಮ. ಆ ಜಾಗ ಒಂಚೂರು ಜಾರುತ್ತೆ.”

ನಗು ನಿಂತಿತು. ಫಾಂಗ್ ಮಾತ್ರ ನಗುತ್ತಲೇ ಇದ್ದಳು, ಅರ್ಥವಾಗಿತ್ತೋ ಇಲ್ಲವೋ. ಬರನಿಕೊಗೆ ಬೆನ್ನಿಗೆ ತಾಗುತ್ತಿದ್ದ ಕಂಬದ ನುಣುಪು ಮೊದಲ ಸಲ ತನ್ನದಲ್ಲ ಎನಿಸಿತು. ಭಾಷಣಗಳಾದವು. ರುತೇರು ಗೆಳೆತನದ ಬಗ್ಗೆ ಬಹಳ ಹೊತ್ತು ಮಾತಾಡಿದ; ಇದೇ ಮಾತುಗಳನ್ನು ಇದೇ ಮಾಡಿನಡಿ ಮೊದಲಿನವರ ಬಗ್ಗೆ ತಾನು ಆಡಿದ್ದನ್ನು ಬರನಿಕೊ ನೆನೆದ. ಗೆಳೆತನಕ್ಕೆ ಎಷ್ಟು ಕಡಿಮೆ ಮಾತುಗಳಿವೆ, ಯಾರು ಬಂದರೂ ಅವೇ ಸಾಕಾಗುತ್ತವೆ. ತನ್ನ ಸರದಿ ಬಂದಾಗ ಎದ್ದುನಿಂತ. ಇಡೀ ಜನ್ಮದಲ್ಲಿ ಅವನು ಕೊಟ್ಟವನೇ ಹೊರತು ಬುಬುಸಿ ಕೇಳಿದವನಲ್ಲ. ಕೇಳದೆ ಇರುವುದೇ ತನ್ನ ದೊಡ್ಡತನ ಎಂದು ಒಳಗೊಳಗೇ ಇಟ್ಟುಕೊಂಡಿದ್ದ. ನನಗೊಬ್ಬಳು ಅಕ್ಕ ಇದ್ದಾಳೆ ಎಂದು ಶುರುಮಾಡಿದ. ಬೆಳಕಿನ ಯಂತ್ರದ ಕೆಲಸ ಇಷ್ಟೇ ಹೊತ್ತಿನದು, ನಮ್ಮ ಜಾಗದಲ್ಲಿ ಕೂತ ಮೇಲೆ ನೀವು ನಮ್ಮವರು, ಆದ್ದರಿಂದ ಕೇಳುತ್ತಿದ್ದೇನೆ ಎಂದ. ಹಿಂದೆ ಹೆಂಗಸರ ಸಾಲಿನಲ್ಲಿ ಅಕ್ಕ ಕೂತಿದ್ದಳು. ಅವನು ತಿರುಗಿ ನೋಡಲಿಲ್ಲ.

ಫಾಂಗ್ ಅವನ ಕಡೆ ಪೂರ್ತಿ ತಿರುಗಿ ಕೇಳಿಸಿಕೊಂಡಳು. ತನ್ನ ತಾಯಿಗೂ ಇದೇ ತೊಂದರೆ ಆಗಿತ್ತು, ಈಗ ಆಕೆ ದಿನಪತ್ರಿಕೆ ಓದುತ್ತಾಳೆ ಎಂದಳು. ನಮ್ಮಲ್ಲಿ ಒಳ್ಳೆಯ ಡಾಕ್ಟರುಗಳಿದ್ದಾರೆ, ನಾನು ಬರೆದು ತಿಳಿಸುತ್ತೇನೆ ಎಂದಳು. ಸುಳ್ಳು ಹೇಳುವ ಮುಖವಾಗಿರಲಿಲ್ಲ. ಆದರೆ ಹೇಳುತ್ತ ಹೇಳುತ್ತ ಒಮ್ಮೆ ರುತೇರು ಕಡೆ ನೋಡಿದಳು. ಬರನಿಕೊ ಕೂತ ಮೇಲೆ ರುತೇರು ಅವಳ ಬೆನ್ನ ಹಿಂದಿನಿಂದ ಬಾಗಿ ಅವನ ಕಿವಿಯ ಹತ್ತಿರ ಬಂದ.

“ಭಾವ, ಉತ್ತರದ ಕಂಡಿಯ ಮಸೂದೆ ಮುಂದಿನ ಅಧಿವೇಶನಕ್ಕೆ ಬರುತ್ತೆ. ಅದೊಂದು ಆಗ್ಲಿ. ಡಾಕ್ಟರು ತಾವಾಗೇ ಬರ್ತಾರೆ.”

ಉತ್ತರದ ಕಂಡಿಯೆಂದರೆ ಹವಳದ ದಿಬ್ಬ ಒಡೆದು ಸಮುದ್ರ ಒಳನೀರಿಗೆ ಸೇರುವ ಬಾಯಿ, ಅದರ ಪಕ್ಕದ ಸಣ್ಣ ನಡುಗಡ್ಡೆ. ಊರಿನ ಮೀನೆಲ್ಲ ಬರುವುದು ಅಲ್ಲಿಂದ. ಹೊಸ ಗೆಳೆಯರಿಗೆ ಅಲ್ಲಿ ಬಂದರು ಕಟ್ಟಬೇಕಾಗಿತ್ತು, ಬೇರೆಯವರ ದೋಣಿ ಹಾಯದಂತೆ. ಮಸೂದೆಗೆ ಕೈಗಳು ಸಾಲುತ್ತಿರಲಿಲ್ಲ. ಬರನಿಕೊ “ಆಗಲಿ” ಎಂದ. ಎಂದ ಮೇಲೆ, ಆ ಮಾತು ಎಷ್ಟು ಸಲೀಸಾಗಿ ಬಂತೆಂದು ಅವನಿಗೇ ಹೇಸಿಗೆಯಾಯಿತು. ಉಸಿರಿನ ಹಾಗೆ ಬಂದಿತ್ತು. ಇಲ್ಲ ಎನ್ನುವ ಮಾತನ್ನು ತನ್ನ ಬಾಯಿ ಎಂದಾದರೂ ಆಡಿದೆಯೇ ಎಂದು ಹುಡುಕಿದ. ಹೆಂಡತಿಗೆ ಆಡಿರಬಹುದು, ನಾಯಿಗೆ ಆಡಿರಬಹುದು.

ಊಟ ಬಂತು. ಕುಣಿತಕ್ಕೆ ಹುಡುಗಿಯರು ಸಾಲು ನಿಂತರು, ಗಂಡಸರು ಮರದ ಪೆಟ್ಟಿಗೆ ಬಡಿಯತೊಡಗಿದರು. ಆ ಗದ್ದಲದಲ್ಲಿ ಬರನಿಕೊ ಎಲೆಯ ಮೇಲೆ ಹಂದಿಯ ಒಳ್ಳೆಯ ತುಂಡೊಂದನ್ನು ಇಟ್ಟುಕೊಂಡು ಹಿಂದೆ ಸರಿದು ಅಕ್ಕನ ಬಳಿ ಹೋದ. ರುತೇರು ಹೇಳಿದ್ದನ್ನು ಹೇಳಿದ. ಒಳ್ಳೆಯ ಸುದ್ದಿ ತಂದವನ ಹಾಗೆ ಹೇಳಲು ನೋಡಿದ, ದನಿ ಒಪ್ಪಲಿಲ್ಲ.

ಅಕ್ಕ ಎಲೆಯನ್ನು ಪಕ್ಕಕ್ಕಿಟ್ಟಳು. “ಮೊದಲ ಸಲ ರುತೇರು ನಿನ್ನ ಹತ್ರ ಬಂದ್ನಲ್ಲ, ಅದಕ್ಕೂ ಮುಂಚೆ ನನ್ನ ಹತ್ರ ಬಂದಿದ್ದ,” ಎಂದಳು.

ಅವನು ಅವಳ ಕಡೆ ತಿರುಗಿ ಕೂತ.

“ಭಾವ ಲಿನ್ ಕಡೆ ಇದ್ದಾರೆ, ಹೇಗೆ ಕೇಳೋದು ಅಂದ. ದೋಣಿ ಕೊಡ್ತಾರಾ ಅಂತ ಕೇಳ್ದೆ. ರೇಡಿಯೋ ಇರುತ್ತಾ ಅಂತ ಕೇಳ್ದೆ. ಇರುತ್ತೆ ಅಂದ. ಹಾಗಾದ್ರೆ ಬುಬುಸಿ ಅಂತ ಹೇಳಿ ಕೇಳು, ನನ್ನ ತಮ್ಮಂಗೆ ಇಲ್ಲ ಅನ್ನೋಕೆ ಬರಲ್ಲ ಅಂದೆ.”

“ಡಾಕ್ಟರುಗಳು ಬರಲ್ಲ ಅಂತ ನಿಂಗೆ...”

“ಲಿನ್ ಹೇಳಿದ್ದ. ನಾವು ಹೋದ್ರೆ ಎಲ್ಲಾ ಹೋಗುತ್ತೆ ಅಕೊಯ, ನಿಮ್ಮ ಕಣ್ಣೂ ಹೋಗುತ್ತೆ, ತಮ್ಮಂಗೆ ಹೇಳಿ ಅಂದ. ಪಾಪ, ಅತ್ತ. ನಾನು ನಿಂಗೆ ಹೇಳ್ಲಿಲ್ಲ. ಹೇಳಿದ್ರೆ ನೀನು ಅವನಿಗೂ ಆಗಲಿ ಅಂತಿದ್ದೆ.”

ಬರನಿಕೊ ಹವಳದ ಚೂರುಗಳನ್ನು ಕೈಯಲ್ಲಿ ಹಿಡಿದು ಬಿಟ್ಟ, ಹಿಡಿದು ಬಿಟ್ಟ. ಇಷ್ಟು ದಿನ ಅವಳೆದುರು ತಲೆ ತಗ್ಗಿಸಿ ನಡೆದದ್ದು, ಅವಳ ಮೌನವನ್ನು ತನಗೆ ಕೊಟ್ಟ ಶಿಕ್ಷೆಯೆಂದು ಹೊತ್ತದ್ದು. ಹೊರೆ ಇಳಿಯಿತೆಂದು ಅನ್ನಿಸಬೇಕಾಗಿತ್ತು. ಅನ್ನಿಸಿದ್ದು ಬೇರೆ. ತನ್ನ ಬಳಿ ತನ್ನದೆಂದು ಇದ್ದದ್ದು ಆ ತಪ್ಪೊಂದೇ, ಅದೂ ತನ್ನದಾಗಿರಲಿಲ್ಲ. ಲಿನ್‌ಗೆ ಗೊತ್ತಿತ್ತು, ರುತೇರುವಿಗೆ ಗೊತ್ತಿತ್ತು, ಕಣ್ಣು ಕಾಣದ ಅಕ್ಕನಿಗೆ ಗೊತ್ತಿತ್ತು. ಕೈ ಎತ್ತಿದವನಿಗೆ ಮಾತ್ರ ಗೊತ್ತಿರಲಿಲ್ಲ. ಗುಮಾಸ್ತ ನಕ್ಕದ್ದು ಸರಿಯಾಗಿಯೇ ಇತ್ತು.

“ಈಗ ನಾನೊಂದು ಬುಬುಸಿ ಕೇಳ್ತೀನಿ ಬರನಿಕೊ,” ಎಂದಳು ಅಕ್ಕ. ಕಾಲು ಮಡಚಿ, ಕೈ ಮಡಿಲಲ್ಲಿಟ್ಟುಕೊಂಡು, ಕೇಳುವವರು ಕೂರುವಂತೆ ನೆಟ್ಟಗೆ ಕೂತಿದ್ದಳು. “ಕಂಡಿ ಕೊಡೋದಕ್ಕೆ ಕೈ ಎತ್ತಬೇಡ.”

“ಅಕ್ಕ, ನಾನು ಆಗಲೇ ಅವನಿಗೆ...”

“ಗೊತ್ತು, ಆಗಲಿ ಅಂದಿರ್ತೀಯ. ಹೋಗಿ ಇಲ್ಲ ಅಂತ ಹೇಳಿ ಬಾ. ಒಂದು ಸಲ ಹೇಳಿ ನೋಡು, ಸಾಯಲ್ಲ.”

“ಕಣ್ಣು?”

“ನನ್ನ ಕಣ್ಣಿಗೆ ಅಂತ ಕಂಡಿ ಕೊಟ್ರೆ, ನಾಳೆ ಇನ್ಯಾರದ್ದೋ ಕಾಲಿಗೆ ಅಂತ ಇನ್ನೇನು ಕೊಡ್ತೀಯ? ನಮ್ಮ ಹತ್ರ ಇರೋದೇ ಇಷ್ಟಗಲ.”

ಅವನು ಎದ್ದ. ಸಭಾಮನೆಯ ಈ ಬದಿಯಿಂದ ಆ ಬದಿಗೆ ಕುಣಿಯುವವರನ್ನು ಸುತ್ತುಹಾಕಿ ಹೋಗುವಷ್ಟರಲ್ಲಿ ಹಲವರು ಅವನ ಬೆನ್ನಿಗೂ ಪೌಡರ್ ಸುರಿದರು. ರುತೇರು ಮೂಳೆ ಚೀಪುತ್ತಿದ್ದ. ಬರನಿಕೊ ಅವನ ಮುಂದೆ ಕುಕ್ಕುರುಗಾಲಿನಲ್ಲಿ ಕೂತ. ಅಪ್ಪ ಹಗ್ಗ ಬಿಚ್ಚಿಕೊಟ್ಟಾಗ ಇದ್ದ ಮುಖ ಕಣ್ಣಮುಂದೆ ಬಂತು, ಅದು ಹೆಮ್ಮೆಯಲ್ಲ, ಹೆದರಿಕೆ ಎಂದು ತಟ್ಟನೆ ಹೊಳೆಯಿತು.

“ಇಲ್ಲ,” ಎಂದ.

“ಏನಿಲ್ಲ?”

“ಕಂಡಿಗೆ ನನ್ನ ಕೈ ಇಲ್ಲ.”

ರುತೇರು ಬೆರಳು ಒರೆಸಿಕೊಂಡ. ಅವನಿಗೆ ಸಿಟ್ಟು ಬರಲಿಲ್ಲ. ಬದಲಿಗೆ ಒಂದು ಬಗೆಯ ಗೌರವದಿಂದ ಬರನಿಕೊನನ್ನು ನೋಡಿದ, ವ್ಯಾಪಾರ ಬಲ್ಲವನೊಬ್ಬ ಇನ್ನೊಬ್ಬನನ್ನು ನೋಡುವ ಹಾಗೆ. ದನಿ ತಗ್ಗಿಸಿ, “ಕಣ್ಣಿನ ಜತೆ ಇನ್ನೇನು ಬೇಕು ಹೇಳಿ ಭಾವ,” ಎಂದ. “ಮಾತಾಡೋಣ.”

ಬರನಿಕೊ ಮತ್ತೆ ಇಲ್ಲ ಎಂದ. ಎರಡನೆಯದು ಮೊದಲಿನದಕ್ಕಿಂತ ಕಷ್ಟವಾಯಿತು. ರುತೇರು ತಲೆಯಾಡಿಸಿ, ಯೋಚನೆ ಮಾಡಿ, ಅವಸರ ಇಲ್ಲ ಎಂದು ಮತ್ತೆ ಮೂಳೆಗೆ ಕೈಹಾಕಿದ. ಇಲ್ಲ ಎಂಬುದು ಕೂಡ ಇಲ್ಲಿ ಒಂದು ಬೆಲೆಯ ಶುರುವಾಗಿಬಿಡುತ್ತದೆಯಲ್ಲ ಎಂದುಕೊಳ್ಳುತ್ತ ಬರನಿಕೊ ವಾಪಸು ಬಂದ. ಫಾಂಗ್ ಅವನನ್ನು ನೋಡಿ ನಕ್ಕಳು. ಅವಳ ಕೊರಳಿನಲ್ಲಿ ಅಕ್ಕನ ಹಾರ ಬಾಡತೊಡಗಿತ್ತು.

ಹೇಳಿದೆ ಎಂದ. ಅಕ್ಕ ತಲೆಯಾಡಿಸಿದಳು. ದೋಣಿ ನೋಡಬೇಕು ಎಂದಳು. ಅವಳೊಬ್ಬಳೇ ಎದ್ದು ಮಾಡಿನ ಅಂಚಿಗೆ ಬಗ್ಗಿ ಹೊರಗೆ ನಡೆದಳು, ಅವನು ಹಿಂದೆ ಹೋದ. ಬಿಸಿಲು ಇಳಿಯುತ್ತಿತ್ತು, ಒಳನೀರು ಇಳಿತದಲ್ಲಿತ್ತು. ದೋಣಿಯನ್ನು ಮರಳಿನ ಮೇಲಕ್ಕೆ ಎಳೆದು ನಿಲ್ಲಿಸಿದ್ದರು. ಮೂತಿಯಿಂದ ಬಾಲದ ತನಕ ಕಿತ್ತಳೆ ಬಣ್ಣ, ಹಣ್ಣಾದ ಕೇದಗೆಯ ಕಾಯಿಗಿಂತ ಗಾಢ, ನೋಡಿದರೆ ಕಣ್ಣು ಚುಚ್ಚುವಂಥದು. ಅಕ್ಕ ಹತ್ತಿರ ಹೋಗಿ ಅಂಗೈಯನ್ನು ಅದರ ಪಕ್ಕಕ್ಕೆ ಒತ್ತಿ, ಹಾಗೆಯೇ ಸವರುತ್ತ ಒಂದು ಸುತ್ತು ನಡೆದಳು. ಅಂಚು ತಡವಿದಳು, ಎರಡು ಯಂತ್ರಗಳನ್ನೂ ತಡವಿದಳು. ರೇಡಿಯೋ ಎಲ್ಲಿ ಎಂದು ಕೇಳಿದಳು, ಅವನು ಅವಳ ಕೈಯನ್ನು ಅದರ ಮೇಲಿಟ್ಟ. ಒಳ್ಳೆಯ ದೋಣಿ ಎಂದಳು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆಮಾಡಿ, ನೋಡುವವರಂತೆ ನಿಂತಳು.

“ಎಲ್ಲಾ ಸರಿ, ಬಿಳಿ ಬಣ್ಣ ಯಾಕೆ ಹಚ್ಚಿದ್ರೋ,” ಎಂದಳು. “ನೊರೆ ಮಧ್ಯೆ ಬಿಳಿ ದೋಣಿ ಯಾರಿಗೆ ಕಾಣುತ್ತೆ? ಹುಡುಕೋಕೆ ಬಂದೋರು ಮೇಲಿಂದಾನೇ ಹಾದು ಹೋಗಿಬಿಡ್ತಾರೆ.”

ಬರನಿಕೊ ಅವಳ ಮುಖ ನೋಡಿದ, ದೋಣಿ ನೋಡಿದ. ಸಭಾಮನೆಯಲ್ಲಿ ಮರದ ಪೆಟ್ಟಿಗೆಯ ಬಡಿತ ಜೋರಾಗಿತ್ತು.

“ಬೇರೆ ಹಚ್ಚಿಸ್ತೀನಿ ಅಕ್ಕ,” ಎಂದ.

“ಎದ್ದು ಕಾಣೋ ಅಂಥದು.”

“ಹ್ಞೂಂ. ಎದ್ದು ಕಾಣೋ ಅಂಥದು.”